ಸೋಸದ ಸೀಸೆ

ಮಾವ ಗಾಜು ತೊಳೆಯುತ್ತಿದ್ದರು, ಅಳಿಯ ಆ ಗಾಜಿನ ಮೇಲೆ ಬಳಿಯುವ ದ್ರಾವಣ ಕಲಸುತ್ತಿದ್ದ. ಒಂದೇ ಮನೆಯಿಂದ ಹೊರಟು, ಒಂದೇ ಬಸ್ಸು ಹತ್ತಿ, ಒಂದೇ ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಿಳಿ ಟೋಪಿ ಏರಿಸುವ ಈ ಜೋಡಿಯನ್ನು ಕಂಡರೆ ಉಳಿದವರಿಗೆ ದಿನದ ಮೊದಲ ನಗು. "ಅಳಿಯ ಬಂದ್ರಾ?" ಎಂದು ಒಬ್ಬ ಕೇಳಿದರೆ, "ಅಳಿಯ ಅಲ್ಲಪ್ಪ, ಮಗಳ ಗಂಡ" ಎಂದು ಇನ್ನೊಬ್ಬ ಹೇಳುತ್ತಿದ್ದ. ಎಷ್ಟು ಹಳಸಿದ ತಮಾಷೆಯಾದರೂ ಮಾವ ದಿನವೂ ಅದಕ್ಕೆ ಹೊಸದಾಗಿ ನಗುತ್ತಿದ್ದರು.

ಅಳಿಯನನ್ನು ಅಲ್ಲಿ ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಹಿಂದೆ ಎರಡು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದ್ದ. ಪಾಠ ಬಿಟ್ಟರೂ ಹೆಸರು ಅವನನ್ನು ಬಿಟ್ಟಿರಲಿಲ್ಲ. ಅವನು ಕೆಲಸಕ್ಕೆ ಸೇರಿದಾಗ ಮಾವ ಆಗಲೇ ಅಲ್ಲಿ ಹಳಬರು. ಹೊಸಬನ ಕೆಲಸವನ್ನು ಆರು ತಿಂಗಳು ದೂರದಿಂದ ನೋಡಿ, "ಹುಡುಗನ ಕೈ ಶುದ್ಧ. ಕೈ ಶುದ್ಧ ಇದ್ದೋನ ಮನಸ್ಸೂ ಶುದ್ಧ ಇರುತ್ತೆ" ಎಂದು ತಾವೇ ಮುಂದಾಗಿ ಮಗಳನ್ನು ಕೊಟ್ಟಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಯಲ್ಲೇ ಇದ್ದರು.

ಅಲ್ಲಿ ತಯಾರಾಗುತ್ತಿದ್ದುದು ಬಲ್ಬಿಲ್ಲದ ಬೆಳಕು. ಅಂಗೈಯಗಲದ ಗಾಜಿನ ಫಲಕ. ಅದರ ಮೇಲೆ ಒಂದರ ಮೇಲೊಂದು ತೆಳುವಾದ ಪದರಗಳು. ವಿದ್ಯುತ್ತು ಹರಿಸಿದರೆ ಫಲಕಕ್ಕೆ ಫಲಕವೇ ಹುಣ್ಣಿಮೆಯ ಹಾಗೆ ಬೆಳಗಬೇಕು. ಓಎಲ್‌ಇಡಿ ಎಂದು ಅದಕ್ಕೆ ಹೆಸರು. ತೊಡಕೆಂದರೆ, ಬೆಳಕು ಕೊಡುವ ಪದರದೊಳಗೆ ವಿದ್ಯುತ್ತು ಸಲೀಸಾಗಿ ಹತ್ತುತ್ತಿರಲಿಲ್ಲ. ಬಲವಂತವಾಗಿ ಹತ್ತಿಸಿದರೆ ಫಲಕ ಬಿಸಿಯೇರಿ ಕೆಲವೇ ತಿಂಗಳಲ್ಲಿ ಮಂಕಾಗುತ್ತಿತ್ತು. ಅಳಿಯ ಎರಡು ವರ್ಷ ಇದರ ಬೆನ್ನು ಹತ್ತಿದ್ದ. ನಡುವೆ ಒಂದು ಮೆಟ್ಟಿಲು ಬೇಕು ಎಂದುಕೊಂಡು ಜಿಂಕ್ ಆಕ್ಸೈಡಿನ ಕಣಗಳನ್ನು ತಂದ. ಒಂದು ತಲೆಗೂದಲಿನ ಅಡ್ಡಗಲಕ್ಕೆ ಹದಿನೈದು ಸಾವಿರ ಸಾಲಾಗಿ ನಿಲ್ಲುವಷ್ಟು ಸಣ್ಣ ಕಣಗಳು. ಅವಕ್ಕೆ ಒಂದು ಕೆಟ್ಟ ಚಾಳಿ: ಬಿಟ್ಟರೆ ಸಾಕು, ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ. ಆದ್ದರಿಂದ ಅವನ್ನು ಒಂದು ಪಾಲಿಮರಿನಲ್ಲಿ ಬೆರೆಸಿ ದ್ರಾವಣ ಮಾಡಿದ. ಗುಂಪು ಸೇರಿ ಗಲಾಟೆ ಮಾಡುವ ಮಕ್ಕಳ ನಡುವೆ ಅಜ್ಜಿ ಬಂದು ಕುಳಿತ ಹಾಗೆ ಪಾಲಿಮರು ಕಣಗಳನ್ನು ದೂರ ದೂರ ಇಡುತ್ತಿತ್ತು. ಮೊದಲು ಏಳು ವೋಲ್ಟಿಗೆ ಬರುತ್ತಿದ್ದ ಬೆಳಕು ಈಗ ಐದಕ್ಕೂ ಕಡಿಮೆಗೆ ಬರತೊಡಗಿತು. ಫಲಕದ ಆಯುಸ್ಸು ಹೆಚ್ಚುಕಡಿಮೆ ಇಮ್ಮಡಿಯಾಯಿತು.

ಇನ್ನು ಮಾವನ ಕೆಲಸ. ಸೋಪಿನ ನೀರು, ಶುದ್ಧ ನೀರು, ಆಮೇಲೆ ಎರಡು ಬಗೆಯ ದ್ರಾವಕ, ಕೊನೆಗೆ ಒಣ ಗಾಳಿ. ಶುದ್ಧ ನೀರಿನಿಂದ ಎತ್ತಿದ ಫಲಕವನ್ನು ಓರೆಯಾಗಿ ಹಿಡಿದು ನೀರು ಇಳಿಯುವುದನ್ನು ನೋಡುತ್ತಿದ್ದರು. ಗಾಜು ಶುದ್ಧವಿದ್ದರೆ ನೀರು ಒಂದೇ ಹಾಳೆಯಾಗಿ ಇಳಿಯುತ್ತದೆ. ಎಲ್ಲೋ ಜಿಡ್ಡಿದ್ದರೆ ಅಲ್ಲಿ ಮುರಿಯುತ್ತದೆ. "ನೀರು ಮುರೀಲಿಲ್ಲ" ಎಂದು ಮಾವ ಹೇಳಿದರೆ ಆ ಫಲಕವನ್ನು ಮತ್ತೆ ಯಾರೂ ನೋಡುತ್ತಿರಲಿಲ್ಲ.

ಹೊಸ ಫಲಕಗಳನ್ನು ನೋಡಲು ಹೊರಗಿನಿಂದ ಅತಿಥಿಗಳು ಬರುವುದೆಂದು ಗೊತ್ತಾಗಿ, ಇಪ್ಪತ್ತನಾಲ್ಕು ಫಲಕ ಮಾಡಲು ಹೇಳಿದ್ದರು. ಆ ಬೆಳಿಗ್ಗೆ ಅಳಿಯನ ಗ್ರಹಚಾರ ನೆಟ್ಟಗಿರಲಿಲ್ಲ. ದ್ರಾವಣವನ್ನು ಬಳಿಯುವ ಮೊದಲು ಸಿರಿಂಜಿನ ತುದಿಗೆ ನಾಣ್ಯದಗಲದ ಫಿಲ್ಟರ್ ಸಿಕ್ಕಿಸಿ ಸೋಸಬೇಕು. ಎರಡು ಸಲ ಒತ್ತುವಷ್ಟರಲ್ಲಿ ಫಿಲ್ಟರ್ ಕಟ್ಟಿಕೊಂಡಿತು. ಬದಲಾಯಿಸಿದ. ಅದೂ ಕಟ್ಟಿಕೊಂಡಿತು. ಮೂರನೆಯದೂ ಅಷ್ಟೆ. ಫಿಲ್ಟರ್ ಕಟ್ಟಿಕೊಂಡರೆ ಬೈಯಬೇಕಾದ್ದು ಫಿಲ್ಟರನ್ನಲ್ಲ, ಸೀಸೆಯನ್ನು ಎಂದು ಕಾಲೇಜಿನಲ್ಲಿ ಅವನೇ ಹುಡುಗರಿಗೆ ಹೇಳಿಕೊಟ್ಟಿದ್ದ. ಸೀಸೆಯೊಳಗೆ ಗಂಟು ಬಿದ್ದಿದೆ, ಚೆಲ್ಲಿ ಹೊಸದಾಗಿ ಕಲಸಬೇಕು ಎಂದೇ ಅರ್ಥ. ಕಲಸಿದರೆ ಅರ್ಧ ದಿನ ಹೋಗುತ್ತದೆ. ಆಚೆ ಬಳಿಯುವವರಿಬ್ಬರು ಕೈಗವಸು ತೊಟ್ಟು ಕಾಯುತ್ತಿದ್ದರು. ತೊಳೆದ ಗಾಜು ಗಂಟೆಗಟ್ಟಲೆ ಕಾಯುವುದಿಲ್ಲ.

"ಮೇಷ್ಟ್ರೇ, ಆಯ್ತಾ?"

"ಆಯ್ತು, ಆಯ್ತು, ಬಂದೆ."

ಸೋಸದೆಯೇ ಸೀಸೆ ಕೊಟ್ಟುಬಿಟ್ಟ. ನೋಟ್‌ಬುಕ್ಕಿನಲ್ಲಿ 'ಸೋಸಿದೆ' ಎಂದು ಆಗಲೇ ಬರೆದಾಗಿತ್ತು. ಬೆಳಿಗ್ಗೆ ಬಂದ ಕೂಡಲೇ ಇಡೀ ಪುಟ ತುಂಬಿಸಿಟ್ಟುಬಿಡುವುದು ಅವನ ಅಭ್ಯಾಸ. ಆ ಪದವನ್ನು ಹೊಡೆದುಹಾಕಲು ಪೆನ್ನು ಎತ್ತಿದ. ಆಮೇಲೆ ನೋಡೋಣ ಎಂದು ಕೆಳಗಿಟ್ಟ.

ಮೂರನೆಯ ದಿನ ಫಲಕಗಳಲ್ಲಿ ಕಪ್ಪು ಚುಕ್ಕೆಗಳು ಕಂಡವು. ಮೊದಲು ಸಾಸಿವೆಯಷ್ಟು, ಸಂಜೆಗೆ ಮೆಣಸಿನ ಕಾಳಿನಷ್ಟು. ಇಪ್ಪತ್ತನಾಲ್ಕರಲ್ಲಿ ಒಂದೂ ಉಳಿಯಲಿಲ್ಲ.

ಪ್ರಯೋಗಾಲಯದ ಮುಖ್ಯಸ್ಥೆ ಎಲ್ಲರನ್ನೂ ಕೋಣೆಗೆ ಕರೆಸಿದರು. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಕೂಗಾಡುವವರಲ್ಲ, ಆದರೆ ಕೇಳಿದ ಪ್ರಶ್ನೆಗೆ ಉತ್ತರ ಸಿಗುವವರೆಗೆ ಕಣ್ಣು ಕದಲಿಸುವವರಲ್ಲ. ಬಳಿಯುವವರಿಬ್ಬರಿದ್ದರು. ಬೆಳಕು, ವೋಲ್ಟು ಅಳೆಯುವ, ಸೂಕ್ಷ್ಮದರ್ಶಕ ನೋಡಿಕೊಳ್ಳುವ ಹೆಂಗಸು, ಎಲ್ಲರ ಬಾಯಲ್ಲೂ ಅಳತೆಯಕ್ಕ, ಅವಳಿದ್ದಳು. ಮಾವ, ಅಳಿಯ ಮೇಜಿನ ಎರಡು ಕಡೆ ಕುಳಿತಿದ್ದರು.

"ಗಾಜು ಹೇಗಿತ್ತು?" ಮೇಡಂ ಮಾವನನ್ನು ಕೇಳಿದರು.

"ನೀರು ಮುರೀಲಿಲ್ಲ, ಮೇಡಂ."

"ಮೇಷ್ಟ್ರೇ, ದ್ರಾವಣ ಸೋಸಿದ್ರಾ?"

ಅವನು ನೋಟ್‌ಬುಕ್ಕನ್ನು ಮುಂದಕ್ಕೆ ತಳ್ಳಿದ. "ಬರ್ದಿದೆಯಲ್ಲ, ಮೇಡಂ."

"ಹಾಗಾದ್ರೆ ಚುಕ್ಕೆ ಎಲ್ಲಿಂದ ಬಂತು?"

ಮೇಡಂ ಕಣ್ಣು ಅವನ ಮೇಲೇ ಇತ್ತು. ಆ ಕಣ್ಣು ಆಚೆ ತಿರುಗಿದರೆ ಸಾಕಾಗಿತ್ತು ಅವನಿಗೆ. "ಧೂಳು ಕೂತ್ರೂ ಹೀಗೇ ಆಗುತ್ತೆ, ಮೇಡಂ. ಗಾಜಿನ ಮೇಲೆ ಏನಾದ್ರೂ ಉಳ್ಕೊಂಡಿರಬಹುದು. ವಯಸ್ಸಾದ ಮೇಲೆ ಕಣ್ಣು ಮೊದಲಿನ ಹಾಗೆ..." ಎಂದವನು ಅಲ್ಲಿಗೆ ನಿಲ್ಲಿಸಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾವ ಒಮ್ಮೆ ಅವನ ಕಡೆ ನೋಡಿದರು. ಸಿಟ್ಟಿನ ನೋಟವಲ್ಲ; ಲೆಕ್ಕ ತಪ್ಪಿದ ಹುಡುಗ ಮೇಷ್ಟ್ರ ಮುಖ ನೋಡುವಂಥ ನೋಟ.

"ಇರಬಹುದು, ಮೇಡಂ" ಎಂದರು. "ಅವರು ಓದಿದೋರು."

ಮರುದಿನದಿಂದ ಮಾವನಿಗೆ ಪ್ಯಾಕಿಂಗ್ ಕೋಣೆ. ಗಾಜು ತೊಳೆಯಲು ಬಳಿಯುವವರಲ್ಲೇ ಒಬ್ಬನನ್ನು ಹಾಕಿದರು. ಅಳಿಯ ಹೊಸ ಸೀಸೆ ಕಲಸಿದ. ಈ ಸಲ ಎರಡೆರಡು ಬಾರಿ ಸೋಸಿದ. ಹೊಸ ಫಲಕಗಳು ಒಂದು ಚುಕ್ಕೆಯೂ ಇಲ್ಲದೆ ಬೆಳಗಿದವು. ಅಲ್ಲಿಗೆ ತೀರ್ಮಾನವಾಗಿಹೋಯಿತು: ಮುದುಕರು ಹೋದರು, ಚುಕ್ಕೆಯೂ ಹೋಯಿತು. "ಪಾಪ, ಎಷ್ಟು ವರ್ಷ ಅಂತ ಕಣ್ಣು ತಡೆಯುತ್ತೆ" ಎಂದು ಎಲ್ಲರೂ ಮರುಗಿದರು. ಅವರ ಮರುಕ ಬೈಗುಳಕ್ಕಿಂತ ಹೆಚ್ಚಾಗಿ ಅಳಿಯನನ್ನು ಚುಚ್ಚಿತು. ಬೆಳಗಿನ ಬಸ್ಸಿನಲ್ಲಿ ಮಾವನ ಪಕ್ಕ ಜಾಗವಿದ್ದರೂ ಅವನು ಹಿಂದೆ ಹೋಗಿ ನಿಲ್ಲತೊಡಗಿದ.

ಬಸ್ಸಿನಲ್ಲಿ ತಪ್ಪಿಸಿಕೊಳ್ಳಬಹುದು, ಮನೆಯಲ್ಲಿ ಎಲ್ಲಿಗೆ ಹೋಗುವುದು? ಊಟದ ಮೇಲೆ ಲೋಟ ತೊಳೆಯುವುದು ಮೊದಲಿಂದಲೂ ಮಾವನ ಕೆಲಸ; ಮಗಳು ಬೇಡವೆಂದರೂ ಕೇಳುತ್ತಿರಲಿಲ್ಲ. ಈಗ ಒಂದು ಲೋಟವನ್ನು ಮೂರು ಸಲ ತೊಳೆದು, ಕಿಟಕಿಯ ಬೆಳಕಿಗೆ ಹಿಡಿದು, ಮಗಳನ್ನು ಕೂಗುತ್ತಿದ್ದರು. "ಇಲ್ಲಿ ಏನಾದ್ರೂ ಕಾಣುತ್ತೇನಮ್ಮ?"

"ಏನೂ ಇಲ್ಲಪ್ಪ, ಫಳಫಳ ಅಂತಿದೆ."

"ಸರಿಯಾಗಿ ನೋಡು."

ಮಗಳು ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ವಯಸ್ಸಿಗೆ ತಕ್ಕಂತೆ ಚೆನ್ನಾಗಿಯೇ ಇದೆ, ಕನ್ನಡಕವನ್ನೂ ಬದಲಾಯಿಸಬೇಕಾಗಿಲ್ಲ ಎಂದರು ಡಾಕ್ಟರು. ಮಾವ ನಂಬಲಿಲ್ಲ. "ಅವರು ಗೋಡೆ ಮೇಲಿನ ಅಕ್ಷರ ಓದಿಸಿದ್ರು, ಅಷ್ಟೆ. ನಮ್ಮ ಅಳಿಯಂದ್ರ ಹತ್ರ ಎಂಥೆಂಥ ಯಂತ್ರ ಇದೆ! ಅವರು ಸುಮ್ಮನೆ ಹೇಳ್ತಾರಾ?" ಅಳಿಯ ಪಕ್ಕದ ಕೋಣೆಯಲ್ಲಿ ಪೇಪರು ಹಿಡಿದು ಕುಳಿತಿದ್ದ. ಒಂದೇ ಸಾಲನ್ನು ಎಷ್ಟು ಸಲ ಓದಿದನೋ.

ಹೆಂಡತಿಗೆ ಅಪ್ಪನ ಬಗ್ಗೆ ಸಂಕಟವಿತ್ತು, ಗಂಡನ ಬಗ್ಗೆ ಅನುಮಾನವಿರಲಿಲ್ಲ. ಅವಳ ಚಿಕ್ಕಮ್ಮ ಫೋನಿನಲ್ಲಿ, ಅಳಿಯನೇ ಮಾವನನ್ನು ಕೆಳಗಿಳಿಸಿದನಂತೆ ಹೌದೇನೇ ಎಂದು ಕೆಣಕಿದಾಗ ಅವಳು ಸಿಡಿದೆದ್ದಳು. "ಯಾರು ಹೇಳಿದ್ದು ನಿಂಗೆ? ಇವರು ಅಪ್ಪನ ಹೆಸರೇ ಎತ್ತಲಿಲ್ಲವಂತೆ. ಅಪ್ಪನೇ ಒಪ್ಕೊಂಡ್ರಂತೆ. ಇವರು ಇದ್ದಿದ್ದಕ್ಕೆ ಅಪ್ಪನ ಕೆಲಸ ಉಳೀತು, ತಿಳ್ಕೋ." ಅವಳು ಗಂಡನ ಪರ ವಾದಿಸಿದ ಒಂದೊಂದು ಮಾತಿಗೂ ಅವನು ಕುಳಿತಲ್ಲೇ ಕುಗ್ಗಿದ. ಎದ್ದು ಹೋಗಿ ಹೇಳಿಬಿಡಬೇಕು ಅನ್ನಿಸಿತು. ಎದ್ದ, ನೀರು ಕುಡಿದ, ಮತ್ತೆ ಬಂದು ಕುಳಿತ.

ಹತ್ತು ದಿನ ಕಳೆದ ಮೇಲೆ ಅಳತೆಯಕ್ಕ ಅವನನ್ನು ಸೂಕ್ಷ್ಮದರ್ಶಕದ ಕೋಣೆಗೆ ಕರೆದಳು. ಕೆಟ್ಟ ಫಲಕಗಳಲ್ಲಿ ಒಂದನ್ನು ಅವಳು ಎತ್ತಿಟ್ಟುಕೊಂಡಿದ್ದಳು. ಚುಕ್ಕೆಯ ನಟ್ಟನಡುವೆ ಸೀಳಿ ನೋಡಿದ್ದಳು.

"ಮೇಷ್ಟ್ರೇ, ಇದು ಧೂಳಲ್ಲ. ನೋಡಿ, ಪೂರ್ತಿ ಜಿಂಕ್. ನಿಮ್ಮ ಕಣಗಳೇ ಗಂಟು ಬಿದ್ದಿವೆ. ಕರೆಂಟೆಲ್ಲ ಅಲ್ಲೇ ನುಗ್ಗಿ ಸುಟ್ಟಿದೆ."

ಪರದೆಯ ಮೇಲೆ ಬೂದು ಬಣ್ಣದ ಗಂಟೊಂದು ಹೂಕೋಸಿನ ಹಾಗೆ ಉಬ್ಬಿಕೊಂಡಿತ್ತು. ಅವನಿಗೆ ಗೊತ್ತಿದ್ದ ವಿಷಯವೇ. ಆದರೂ ಕಣ್ಣಾರೆ ಕಂಡಾಗ ಕಿವಿ ಬಿಸಿಯಾಯಿತು.

"ಸೋಸಿದ್ರಿ ಅಲ್ವಾ?" ಅವಳು ಕೇಳಿದ್ದು ಸುಮ್ಮನೆ, ಯಾವ ಸಂಶಯವೂ ಇಲ್ಲದೆ.

"ಸೋಸಿದ್ದೆ. ಫಿಲ್ಟರ್ ಹರಿದಿತ್ತೋ ಏನೋ."

"ಹಾಗಾದ್ರೆ ಗಾಜಿನೋರ ತಪ್ಪಿಲ್ಲ. ಮೇಡಂಗೆ ಹೇಳ್ಲಾ?"

"ಒಂದೇ ಫಲಕ ನೋಡಿ ಹೇಳೋದು ಬೇಡ, ಅಕ್ಕ. ಅತಿಥಿಗಳು ಬಂದು ಹೋಗ್ಲಿ. ಆಮೇಲೆ ಇನ್ನೆರಡು ಸೀಳಿ ನೋಡೋಣ."

"ನೀವು ಹೇಳಿದ್ರೆ ಸರಿ" ಎಂದು ಅವಳು ಪರದೆ ಆರಿಸಿದಳು. ಮೊದಲ ಸುಳ್ಳನ್ನು ಅವಸರದ ಮೇಲೆ ಹೊರಿಸಬಹುದಿತ್ತು. ಇದನ್ನು ಯಾರ ಮೇಲೆ ಹೊರಿಸುವುದು? ಹೊರಗೆ ಬಂದವನು ಕೈತೊಳೆಯುವಲ್ಲಿ ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತ.

ಅತಿಥಿಗಳು ಬಂದರು, ನಾಲ್ವರು. ಕತ್ತಲೆ ಮಾಡಿದ ಕೋಣೆಯಲ್ಲಿ ಹನ್ನೆರಡು ಫಲಕಗಳನ್ನು ಒಟ್ಟಿಗೆ ಬೆಳಗಿಸಿದಾಗ ಅವರಲ್ಲೊಬ್ಬರು ಚಿಕ್ಕ ಮಗುವಿನ ಹಾಗೆ "ಓಹೋ" ಎಂದರು. ಇದೆಲ್ಲ ನಮ್ಮ ಮೇಷ್ಟ್ರ ಕೈಚಳಕ ಎಂದು ಮೇಡಂ ಅವನನ್ನು ಮುಂದೆ ತಳ್ಳಿದರು. ಅವನು ಕಣಗಳ ಬಗ್ಗೆ, ಪಾಲಿಮರಿನ ಬಗ್ಗೆ ಹೇಳಿದ. ಪಾಠ ಮಾಡಿ ರೂಢಿಯಾದ ನಾಲಿಗೆ ತಡವರಿಸಲಿಲ್ಲ. ಹೊರಡುವ ಮುನ್ನ ಅತಿಥಿಗಳು ಪ್ಯಾಕಿಂಗ್ ಕೋಣೆಗೂ ಇಣುಕಿದರು. ಮಾವ ಡಬ್ಬಿಗಳಿಗೆ ಹತ್ತಿಯ ಹಾಸು ಹಾಕುತ್ತಿದ್ದರು.

"ನೀವು ತುಂಬಾ ಹಳಬರ ಹಾಗೆ ಕಾಣ್ತೀರಿ" ಎಂದರು ಅತಿಥಿ, ಪ್ರೀತಿಯಿಂದಲೇ.

"ಹೌದು ಸರ್. ಮೊದಲು ಗಾಜು ತೊಳೀತಿದ್ದೆ. ಈಗ ಡಬ್ಬಿ ಮುಚ್ತೀನಿ." ಮಾವ ನಕ್ಕರು. "ನನ್ನಿಂದ ಇಪ್ಪತ್ನಾಲ್ಕು ಫಲಕ ಹಾಳಾಯ್ತು. ಕಣ್ಣು ಮೋಸ ಮಾಡ್ತು."

ಕೇಳದಿದ್ದರೂ ಹೇಳಿಕೊಂಡರು. ಇಷ್ಟು ದಿನ ಯಾರ್ಯಾರ ಮುಂದೆ ಹೀಗೆ ಹೇಳಿಕೊಂಡಿದ್ದಾರೋ ಎಂದು ಅಳಿಯನಿಗೆ ಹೊಳೆದದ್ದೇ ಆಗ. ಅತಿಥಿ ಮುದುಕರ ಬೆನ್ನು ತಟ್ಟಿ ಮುಂದೆ ನಡೆದರು. ಅಳಿಯನಿಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು.

ಮಾರನೆಯ ದಿನ ರಜೆ. ಬೆಳಗಿನ ತಿಂಡಿಯಾದ ಮೇಲೆ ಮಾವ ಅಡುಗೆಮನೆಯ ಕಿಟಕಿಯ ಬಳಿ ಲೋಟ ತೊಳೆಯುತ್ತಿದ್ದರು. ಅವನು ಹೋಗಿ ಪಕ್ಕದಲ್ಲಿ ನಿಂತ.

"ಮಾವ, ಒಂದು ಮಾತು."

"ಹೇಳಿ, ಅಳಿಯಂದ್ರೇ."

"ಆ ಫಲಕ ಹಾಳಾಗಿದ್ದು ನಿಮ್ಮಿಂದ ಅಲ್ಲ. ನಾನು ಅವತ್ತು ದ್ರಾವಣ ಸೋಸಲಿಲ್ಲ. ಫಿಲ್ಟರ್ ಕಟ್ಕೊಳ್ತಾ ಇತ್ತು, ಹಾಗೇ ಕೊಟ್ಟುಬಿಟ್ಟೆ. ಬುಕ್ಕಲ್ಲಿ ಸೋಸಿದೆ ಅಂತ ಸುಳ್ಳು ಬರೆದಿತ್ತು. ಗೊತ್ತಿದ್ದೂ ನಿಮ್ಮ ಮೇಲೆ ಹಾಕಿದೆ."

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಮಾವ ಅದನ್ನು ನಿಲ್ಲಿಸಿದರು. ಲೋಟವನ್ನು ಬೋರಲಾಗಿ ಇಟ್ಟರು.

"ಇಪ್ಪತ್ನಾಲ್ಕೂ?"

"ಇಪ್ಪತ್ನಾಲ್ಕೂ. ಅಳತೆಯಕ್ಕ ಸೀಳಿ ನೋಡಿದ್ಲು. ಗಾಜಿನ ಮೇಲೆ ಏನೂ ಇರಲಿಲ್ಲ."

"ನಾನು ತೊಳೆದದ್ದು ಚೆನ್ನಾಗಿತ್ತು."

"ಚೆನ್ನಾಗಿತ್ತು, ಮಾವ."

ಮಾವ ತಮ್ಮ ಎರಡೂ ಕೈಗಳನ್ನು ಟವಲಿಗೆ ಒರೆಸಿದರು, ಬೆರಳು ಬೆರಳಿನ ಸಂದಿಯನ್ನೂ. ಅವರು ಅತ್ತುಬಿಡುತ್ತಾರೆ, ಆಗ ಕಾಲು ಹಿಡಿದುಬಿಡಬೇಕು ಎಂದು ಅವನು ಮನಸ್ಸಿನಲ್ಲೇ ಸಿದ್ಧವಾಗಿದ್ದ. ಅವರು ಅಳಲಿಲ್ಲ.

"ನನ್ನ ಕಣ್ಣನ್ನ ನಾನೇ ನಂಬದ ಹಾಗೆ ಮಾಡಿದೆಯಲ್ಲೋ" ಎಂದರು. ಮದುವೆಯಾದ ಒಂಬತ್ತು ವರ್ಷದಲ್ಲಿ ಅವರು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ಲೋಟ ತೊಳೆಯೋಕೂ ಮಗಳನ್ನ ಕೇಳ್ತಿದ್ದೆ. ನೋಡ್ಕೊಂಡು ಸುಮ್ಮನಿದ್ದೆ ನೀನು."

"ತಪ್ಪಾಯ್ತು, ಮಾವ. ಕ್ಷಮಿಸಿ."

"ಅಡುಗೆಮನೇಲಿ ಹೇಳಿದ್ರೆ ಆಗಲ್ಲ. ಅವತ್ತು ಆ ಕೋಣೇಲಿ ನಮ್ಮಿಬ್ರನ್ನ ಬಿಟ್ಟು ನಾಲ್ಕು ಜನ ಇದ್ರು. ಅವರ ಮುಂದೆ ಹೇಳು. ಹೇಳಿ ಬಂದ ಮೇಲೆ ಕ್ಷಮೆ ಕೇಳು, ಕೊಡೋದೋ ಬಿಡೋದೋ ನಾನು ನೋಡ್ತೀನಿ."

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳೆಂದು ಅವಳ ಮುಖವೇ ಹೇಳುತ್ತಿತ್ತು. "ನಿಮ್ಮನ್ನ ವಹಿಸ್ಕೊಂಡು ಚಿಕ್ಕಮ್ಮನ ಹತ್ರ ಜಗಳ ಆಡಿದ್ನಲ್ರೀ" ಎಂದಳು. ಅಷ್ಟೇ. ಅಪ್ಪನ ಕೈ ಹಿಡಿದು ಹೊರಗಿನ ಕೋಣೆಗೆ ಕರೆದುಕೊಂಡು ಹೋದಳು. ಅವನು ಅಡುಗೆಮನೆಯಲ್ಲಿ ಒಬ್ಬನೇ ಉಳಿದ.

ಸೋಮವಾರ ಅದೇ ಕೋಣೆಯಲ್ಲಿ ಅವನು ನಾಲ್ವರ ಮುಂದೆ ಕುಳಿತು ಹೇಳಿದ. ಮನೆಯಲ್ಲಿ ಹತ್ತು ಸಲ ಮನಸ್ಸಿನೊಳಗೆ ಅಭ್ಯಾಸ ಮಾಡಿಕೊಂಡಿದ್ದ ಮಾತುಗಳೆಲ್ಲ ಅಲ್ಲಿಗೆ ಬರುವಷ್ಟರಲ್ಲಿ ಖಾಲಿಯಾಗಿದ್ದವು; "ನಾನು ಸೋಸಲಿಲ್ಲ, ಸುಳ್ಳು ಹೇಳಿದೆ" ಎಂಬುದಷ್ಟೇ ಉಳಿದಿತ್ತು. ಬಳಿಯುವವರಿಬ್ಬರು ಮೇಜು ನೋಡಿಕೊಂಡು ಕುಳಿತರು. ಅಳತೆಯಕ್ಕ ಮಾತ್ರ ತಲೆಯೆತ್ತಿದಳು.

"ನಾನು ಅವತ್ತೇ ಹೇಳ್ತೀನಿ ಅಂದೆ. ನನ್ನ ಬಾಯೂ ಮುಚ್ಚಿಸಿದ್ರಲ್ಲ, ಮೇಷ್ಟ್ರೇ. ನಿಮ್ಮ ಮಾತು ನಂಬಿ ನಾನೂ ಪಾಪ ಕಟ್ಕೊಂಡೆ."

ಮೇಡಂ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ನೋಟ್‌ಬುಕ್ಕು ತರಿಸಿಕೊಂಡರು, ಸುಳ್ಳು ಬರೆದ ಪುಟದಲ್ಲಿ ಅವನ ಕೈಯಿಂದಲೇ ತಿದ್ದಿಸಿ, ಅಂದಿನ ತಾರೀಖು ಹಾಕಿಸಿ, ನಾಲ್ವರಿಂದಲೂ ಸಹಿ ಮಾಡಿಸಿದರು. ಇನ್ನು ಮುಂದೆ ಅವನ ಪ್ರತಿ ಸೀಸೆಗೂ ಅಳತೆಯಕ್ಕನ ಎರಡನೆಯ ಸಹಿ ಬೇಕೆಂದರು. ಅತಿಥಿಗಳಿಗೆ ಪತ್ರ ಬರೆದು, ಹಿಂದಿನ ಫಲಕಗಳು ಹಾಳಾದದ್ದು ತೊಳೆದವರಿಂದಲ್ಲ, ದ್ರಾವಣ ಸೋಸದೇ ಇದ್ದದ್ದರಿಂದ ಎಂದು ತಿಳಿಸಿದರು. ಆಮೇಲೆ ತಾವೇ ಎದ್ದು ಪ್ಯಾಕಿಂಗ್ ಕೋಣೆಗೆ ನಡೆದರು. ಉಳಿದವರೂ ಹಿಂದೆ ಹೋದರು. ಮೇಡಂ ಏನು ಹೇಳಿದರೋ, ಮಾವ ಏನು ಅಂದರೋ ಅಳಿಯನಿಗೆ ಕೇಳಿಸಲಿಲ್ಲ. ಅವನು ಬಾಗಿಲಿನ ಆಚೆಗೇ ನಿಂತಿದ್ದ.

ಮಾವ ಗಾಜಿಗೆ ಮರಳಿದರು. ಮರಳಿದರೇ ಹೊರತು ಒಂದೇ ದಿನಕ್ಕೆ ಎಲ್ಲ ಸರಿಹೋಗಲಿಲ್ಲ. ತಿಂಗಳೊಪ್ಪತ್ತು ಪ್ರತಿ ಫಲಕವನ್ನೂ ಎರಡು ಸಲ ತೊಳೆದರು. "ನೀರು ಮುರೀಲಿಲ್ಲ" ಎಂದು ಹೇಳುವ ಮೊದಲು ಮತ್ತೊಮ್ಮೆ ಓರೆಯಾಗಿಸಿ ನೋಡುತ್ತಿದ್ದರು. ಹೆಂಡತಿ ಗಂಡನೊಂದಿಗೆ ಬೇಕು-ಬೇಡ ಎಂಬಷ್ಟೇ ಮಾತಾಡುತ್ತಿದ್ದಳು. ಒಂದು ದಿನ ಚಿಕ್ಕಮ್ಮನಿಗೆ ಫೋನು ಮಾಡಿ, ಗಂಡನ ಎದುರಿಗೇ, "ನೀನು ಹೇಳಿದ್ದೇ ನಿಜ ಕಣೇ" ಎಂದಳು. ಅದನ್ನು ಅವನಿಗೆ ಕೇಳಿಸಬೇಕೆಂದೇ ಅಂದಳೆಂದು ಅವನಿಗೆ ಗೊತ್ತಾಯಿತು. ಅದಾದ ಮೇಲೆ ಅವಳ ಬಿಗಿ ಸ್ವಲ್ಪ ಸಡಿಲವಾಯಿತು. ಮಾವ ಕ್ಷಮಿಸಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಅವನೂ ಮತ್ತೆ ಕೇಳುವ ಧೈರ್ಯ ಮಾಡಲಿಲ್ಲ. ಮುಂದಿನ ವರ್ಷ ಅವರು ನಿವೃತ್ತರಾದರು. ಅಷ್ಟರಲ್ಲಿ ಅವರ ಕೈ ಹಳೆಯ ವೇಗಕ್ಕೆ ಬಂದಿತ್ತು.

ದ್ರಾವಣದ ಕೋಣೆಗೆ ಹೊಸದಾಗಿ ಬಂದವರು ಮೊದಲು ಓದಲೆಂದು ಕೆಲಸದ ಕ್ರಮವನ್ನು ಬರೆದು ಗೋಡೆಗೆ ಅಂಟಿಸುವಂತೆ ಮೇಡಂ ಅವನಿಗೇ ಹೇಳಿದ್ದರು. ಫಿಲ್ಟರ್ ಕಟ್ಟಿಕೊಂಡರೆ ಸೀಸೆಯನ್ನು ಚೆಲ್ಲಬೇಕು ಎಂದು ಬರೆದ. ಮೇಡಂ ಓದಿ, "ಯಾಕೆ ಅಂತಾನೂ ಬರೀರಿ" ಎಂದು ಹಿಂದಿರುಗಿಸಿದರು. ಎರಡು ದಿನ ಆ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿ, ಕೊನೆಗೆ ಬರೆದ: ಒಮ್ಮೆ ಹೀಗೆ ಸೋಸದೆ ಕೊಟ್ಟು ಇಪ್ಪತ್ತನಾಲ್ಕು ಫಲಕಗಳು ಹಾಳಾದವು, ಆ ತಪ್ಪನ್ನು ಗಾಜು ತೊಳೆಯುವವರ ಮೇಲೆ ಹೊರಿಸಲಾಯಿತು.

ಈಚೆಗೆ ಸೇರಿದ ಹೆಂಗಸೊಬ್ಬಳು ಅದನ್ನು ಕೊನೆಯವರೆಗೂ ಓದಿ, "ಯಾರು ಸರ್, ಆ ಪುಣ್ಯಾತ್ಮ?" ಎಂದು ನಗುತ್ತಾ ಕೇಳಿದಳು.

"ನಾನೇ" ಎಂದ.

ಅವಳ ನಗು ಅರ್ಧಕ್ಕೇ ನಿಂತಿತು. ಕಣ್ಣು ತಗ್ಗಿಸಿದಳು. ಅವನಿಗೂ ಮುಖ ಬಿಸಿಯೇರಿತು. ಎಷ್ಟು ಸಲ ಹೇಳಿದರೂ ಅದು ಹಾಗೆಯೇ ಆಗುತ್ತಿತ್ತು. ಅವಳ ಕೈಗೆ ಸಿರಿಂಜ್ ಕೊಟ್ಟು, ಮೆಲ್ಲಗೆ ಒತ್ತಬೇಕು, ಬಲವಂತ ಮಾಡಬಾರದು ಎಂದು ತೋರಿಸತೊಡಗಿದ.